ರಾಜ್ಯ ತೊರೆದ ಮೇಲಿನ ನುಡಿ: ನೃಪತುಂಗನ ರತ್ನಮಾಲಿಕೆ

ಅಮೋಘವರ್ಷ ನೃಪತುಂಗನೆಂದೊಡನೆ ನಮ್ಮ ನೆನಪಿಗೆ ಬರುವುದು 'ಕವಿರಾಜಮಾರ್ಗ'. ಆದರೆ ಆ ಗ್ರಂಥದಲ್ಲಿ ಕೇಳುವ ದನಿ ಯಾರದು? ನೃಪತುಂಗನ ಅನುಮತವನ್ನು ಹೇಳಿಕೊಂಡು ಶ್ರೀವಿಜಯನು ಅದನ್ನು ರಚಿಸಿದನೆಂಬುದನ್ನು ಇಂದು ಬಹುಮಟ್ಟಿಗೆ ವಿದ್ವಾಂಸರು ಒಪ್ಪಿದ್ದಾರೆ. ಹಾಗಾದರೆ ಅರಸನ ಸ್ವಂತ ನುಡಿಯನ್ನು ಬೇರೆಡೆ ಅರಸಬೇಕಾಗುತ್ತದೆ.

ಕ್ರಿ.ಶ. 814ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದ ಅವನು ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ಸಾಮಂತರ ದಂಗೆ, ವೆಂಗಿಯ ಚಾಲುಕ್ಯರೊಡನೆ ಕಾಳಗ, ಗಂಗರೊಡನೆ ವೈರ: ಇವು ಆ ಆಳ್ವಿಕೆಯ ಬಹುಭಾಗ. ಇಂದಿನ ಶಿರಸಿ ತಾಲ್ಲೂಕಿನ ಬನವಾಸಿಯೂ ಸೇರಿದ ನಾಡನ್ನು ಅವನ ನಚ್ಚಿನ ಬಂಕೆಯನು ನೋಡಿಕೊಳ್ಳುತ್ತಿದ್ದನು. 871ರ ಸಂಜಾನ ತಾಮ್ರಶಾಸನವು, ಪ್ರಜೆಗಳ ವಿಪತ್ತು ನೀಗಲೆಂದು ಅರಸನು ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳನ್ನೇ ಅರ್ಪಿಸಿದನೆಂದು ಹೇಳುತ್ತದೆ. ಜಿನಸೇನಾಚಾರ್ಯರಿಗೆ ಎರಗಿದವನು ಮಹಾಲಕ್ಷ್ಮಿಗೂ ಬೆರಳನ್ನಿತ್ತನೆಂಬುದು ಮತಗಳ ನಡುವೆ ಗೋಡೆ ಹುಡುಕುವವರು ಗಮನಿಸಬೇಕಾದ ಮಾತು.

ಇಂಥವನ ಹೆಸರಿನಲ್ಲಿ 'ಪ್ರಶ್ನೋತ್ತರ ರತ್ನಮಾಲಿಕೆ' ಎಂಬ ಪುಟ್ಟ ಸಂಸ್ಕೃತ ಕೃತಿಯಿದೆ. ವರ್ಧಮಾನ ಜಿನನಿಗೆ ವಂದಿಸಿ ತೊಡಗುತ್ತದೆ. ಪ್ರಶ್ನೆಯ ಬೆನ್ನಿಗೇ ಉತ್ತರ, ಒಂದೆರಡು ಪದಗಳಲ್ಲಿ. ಮೊದಲ ಪ್ರಶ್ನೆಯೇ ಹಿಡಿಯತಕ್ಕದ್ದಾವುದು, ಬಿಡತಕ್ಕದ್ದಾವುದು ಎಂಬುದು. ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನು ಬಲ್ಲವರಿಗೆ ಅಲಂಕಾರವಾಗಲೆಂದು ಇದನ್ನು ರಚಿಸಿದನೆಂದು ಕೊನೆಯ ಶ್ಲೋಕ ತಿಳಿಸುತ್ತದೆ. ಆ 'ಅಲಂಕಾರ' ಎಂಬ ಪದದ ಬಳಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ಗದ್ದುಗೆಯಲ್ಲಿದ್ದಾಗ ಅವನ ಹೆಸರಿನಲ್ಲಿ ಹೊರಬಂದದ್ದು ಕಾವ್ಯಾಲಂಕಾರಗಳನ್ನು ಭೇದ ಸಹಿತ ವಿವರಿಸುವ ಶಾಸ್ತ್ರಗ್ರಂಥ. ಗದ್ದುಗೆ ಬಿಟ್ಟವನು ಅಲಂಕಾರವೆಂದು ಕರೆದದ್ದು ಹೆಚ್ಚಿನ ಅಲಂಕಾರವಿಲ್ಲದ ಈ ಚಿಕ್ಕ ಮಾತುಗಳನ್ನು. ಸಾಮ್ರಾಜ್ಯದ ಗಡಿಯಾಗಲಿ, ಗೆದ್ದ ಯುದ್ಧವಾಗಲಿ, ಬಿರುದಾವಳಿಯಾಗಲಿ ಇಲ್ಲಿಲ್ಲ.

ಆಕ್ಷೇಪವಿಲ್ಲದಿಲ್ಲ. ಇದೇ ಕೃತಿಯನ್ನು ಶಂಕರಾಚಾರ್ಯರದೆಂದು ಓದುವ ಪರಂಪರೆಯಿದೆ, ಶ್ವೇತಾಂಬರರು ವಿಮಲನದೆನ್ನುತ್ತಾರೆ. ಅರಸನ ಹೆಸರಿನ ಶ್ಲೋಕವಿರುವುದು ದಿಗಂಬರ ಪ್ರತಿಗಳಲ್ಲಿ. ಆ ಒಂದು ಶ್ಲೋಕ ಪ್ರಕ್ಷಿಪ್ತವೆಂದಾದರೆ ಅರುವತ್ತು ವರ್ಷ ಆಳಿದವನ ಸ್ವಂತ ದನಿಯೇ ಸಾಹಿತ್ಯಚರಿತ್ರೆಯಿಂದ ಅಳಿಸಿಹೋದೀತು. ಸ್ವಪಕ್ಷದ ಪ್ರತಿಯನ್ನು ಮಾತ್ರ ನಂಬಿ ವಾದಿಸುವುದು ನನಗೆ ಸರಿಕಾಣದು.

ಆದರೆ ಸಾಕ್ಷ್ಯವೊಂದು ಜೈನವಲಯದ ಹೊರಗಿನಿಂದಲೇ ದೊರೆಯುತ್ತದೆ. ಈ ಕೃತಿ ಬಹು ಹಿಂದೆಯೇ ಟಿಬೆಟ್ ಭಾಷೆಗೆ ಅನುವಾದಗೊಂಡಿತ್ತು. ಅಲ್ಲಿ ಕರ್ತೃವು ಒಬ್ಬ ರಾಜ. ಅವನ ಹೆಸರನ್ನು ಸಂಸ್ಕೃತಕ್ಕೆ ಮರಳಿ ತಂದರೆ 'ಅಮೋಘೋದಯ' ಎಂದಾಗುತ್ತದೆ. ಅದು ಅಮೋಘವರ್ಷನೇ ಎಂದು ರಾ. ಗೋ. ಭಾಂಡಾರಕರರು ಊಹಿಸಿದರು. ದಿಗಂಬರ ಲಿಪಿಕಾರನ ಅಭಿಮಾನಕ್ಕೂ ಟಿಬೆಟ್ಟಿನ ಅನುವಾದಕನಿಗೂ ಏನು ಸಂಬಂಧ?