ಫೋನ್ ಬೋರ್ಡಿನ ಕಂದು ಚೂರುಗಳಲ್ಲಿ ಚಿನ್ನ ಇದೆಯೇ?

ಕೆಟ್ಟ ಫೋನಿನ ಬೋರ್ಡ್ ಬಿಚ್ಚಿದರೆ ಸಾಸಿವೆಗಿಂತ ಸಣ್ಣದಾದ ನೂರಾರು ಕಂದು ಚೂರುಗಳು ಕಾಣುತ್ತವೆ. ‘ಇದರಲ್ಲಿ ಚಿನ್ನವಿದೆ, ಬೋರ್ಡ್ ಸುಟ್ಟು ತೆಗೆಯಬಹುದು’ ಎಂಬ ಮಾತನ್ನು ನೀವೂ ಕೇಳಿರಬಹುದು. ನಿಜ ಏನು? ನೋಡೋಣ.

ಈ ಚೂರುಗಳು ಏನು?

ಇವು ಸೆರಾಮಿಕ್ ಕೆಪಾಸಿಟರ್‌ಗಳು. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು, ಚಿಪ್‌ಗೆ ಬೇಕಾದಾಗ ಕೊಡುವುದು ಇವುಗಳ ಮುಖ್ಯ ಕೆಲಸ. ಒಳಗೆ ಸೆರಾಮಿಕ್ ಮತ್ತು ಲೋಹದ ಪದರಗಳು ಒಂದರ ಮೇಲೊಂದು ಇರುತ್ತವೆ. ಇಂದು ಆ ಲೋಹ ಹೆಚ್ಚಾಗಿ ನಿಕಲ್, ಚಿನ್ನವಲ್ಲ. ಸೆರಾಮಿಕ್ ಹೆಚ್ಚಾಗಿ ಬೇರಿಯಂ ಟೈಟನೇಟ್ ಎಂಬ ಆಕ್ಸೈಡ್.

ಪುಡಿ ತಯಾರಾಗುವುದು ಹೇಗೆ?

ಹಳೆಯ ವಿಧಾನ: ಬೇರಿಯಂ ಕಾರ್ಬೊನೇಟ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಪುಡಿಗಳನ್ನು ಬೆರೆಸಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಶಾಖದಲ್ಲಿ ಕಾಯಿಸುತ್ತಾರೆ. ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಬೇರಿಯಂ ಟೈಟನೇಟ್ ಉಳಿಯುತ್ತದೆ. ಕಾವಿಗೆ ಕಣಗಳು ಅಂಟಿಕೊಳ್ಳುವುದರಿಂದ ಮತ್ತೆ ಅರೆಯಬೇಕು. ಇದಕ್ಕೆ ಗಟ್ಟಿಯಾದ ಜಿರ್ಕೋನಿಯಾ ಗುಂಡುಗಳಿರುವ ಯಂತ್ರ ಬಳಸುತ್ತಾರೆ.

ನೀರಿನ ವಿಧಾನ: ಬೇರಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಟೈಟಾನಿಯಂ ಸಂಯುಕ್ತ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ಒತ್ತಡದಡಿ ಕಾಯಿಸುತ್ತಾರೆ, ಒಂದು ರೀತಿಯ ಪ್ರೆಷರ್ ಕುಕ್ಕರ್! ಕಡಿಮೆ ಶಾಖದಲ್ಲೇ ನಯವಾದ, ಹೆಚ್ಚುಕಡಿಮೆ ಒಂದೇ ಗಾತ್ರದ ಕಣಗಳು ಸಿಗುತ್ತವೆ.

ಇಷ್ಟು ನಯ ಏಕೆ ಬೇಕು?

ತರಿತರಿ ಹಿಟ್ಟಿನಿಂದ ತೆಳ್ಳನೆಯ ನೀರುದೋಸೆ ಬರುವುದಿಲ್ಲ. ಇಲ್ಲೂ ಅಷ್ಟೇ. ಆಧುನಿಕ ಕೆಪಾಸಿಟರ್‌ನ ಒಂದು ಪದರ 1 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ತೆಳುವಾಗಿರಬಹುದು. ಅಷ್ಟರೊಳಗೆ ಹಲವು ಕಣಗಳು ಹಿಡಿಸಬೇಕು. ಒಂದೇ ಒಂದು ದಪ್ಪ ಕಣ ಸೇರಿದರೂ ಅಲ್ಲಿ ಪದರ ದುರ್ಬಲವಾಗಿ ಶಾರ್ಟ್ ಆಗಬಹುದು. ಹಾಗೆಂದು ತೀರಾ ನಯವಾದರೂ ಕಷ್ಟ: ಕಣ ಬಹಳ ಸಣ್ಣದಾದರೆ ವಿದ್ಯುತ್ ಹಿಡಿದಿಡುವ ಶಕ್ತಿಯೇ ಕುಗ್ಗುತ್ತದೆ.

ಹಾಗಾದರೆ ಚಿನ್ನ?

ಬೋರ್ಡಿನ ಕೆಲವು ಸಂಪರ್ಕಗಳ ಮೇಲೆ ಚಿನ್ನದ ತೆಳು ಲೇಪ ಇರುವುದು ನಿಜ. ಆದರೆ ಕಂದು ಚೂರುಗಳ ಬಣ್ಣಕ್ಕೆ ಕಾರಣ ಚಿನ್ನವಲ್ಲ, ಸೆರಾಮಿಕ್. ಬೋರ್ಡ್ ಸುಟ್ಟರೆ ಪ್ಲಾಸ್ಟಿಕ್‌ನಿಂದ ಡೈಆಕ್ಸಿನ್‌ನಂತಹ ವಿಷ ಹೊಮ್ಮಬಹುದು. ಹಳೆಯ ಬೋರ್ಡಿನ ಬೆಸುಗೆಯಲ್ಲಿ ಸೀಸವೂ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅಪಾಯ ಇನ್ನೂ ಹೆಚ್ಚು.

ನಮ್ಮ ತೀರ್ಮಾನ: ಕಂದು ಚೂರುಗಳು ಚಿನ್ನ ಎಂಬುದು ತಪ್ಪು. ಹಳೆಯ ಫೋನನ್ನು ಸುಡಬೇಡಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಇಂಥ ಸಂದೇಶ ಬಂದರೆ ಮುಂದೆ ಕಳಿಸುವ ಬದಲು ಈ ಮಾಹಿತಿ ಹಂಚಿಕೊಳ್ಳಿ.