ಮಳೆಗಾಲ ದಾಟಿಸಿದ ಅಂಗಡಿ

ಶಿರಸಿ ಎರಡು ಸೀಮೆಗಳ ನಡುವಿನ ಪೇಟೆ. ಪಶ್ಚಿಮಕ್ಕೆ ದೇವಿಮನೆ ಘಟ್ಟ ಇಳಿದರೆ ಕುಮಟಾ, ಅದರಾಚೆ ಸಮುದ್ರ. ಪೂರ್ವಕ್ಕೆ ಕಾಡು ಕಳೆಯುತ್ತಲೇ ಹಾನಗಲ್ಲು, ಹಾವೇರಿಯ ಬಯಲು. ಇಂದಿಗೂ ಇಲ್ಲಿಗೆ ರೈಲಿಲ್ಲ. ಊರು ತಿಂದುಂಡ ಒಂದೊಂದು ಚೀಲವೂ ಎತ್ತಿನ ಗಾಡಿಯಲ್ಲೋ ಲಾರಿಯಲ್ಲೋ ಬಂದದ್ದು. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪು ಘಟ್ಟ ಹತ್ತಿ ಬರುತ್ತಿತ್ತು, ಬ್ಯಾಡಗಿಯ ಮೆಣಸಿನಕಾಯಿ ಬಯಲಿನಿಂದ ಬರುತ್ತಿತ್ತು. ಇಲ್ಲಿಂದ ಹೊರಡುತ್ತಿದ್ದದ್ದು ಅಡಿಕೆ, ಕಾಳುಮೆಣಸು, ಏಲಕ್ಕಿ. ಬರುವ ಸರಕಿಗೂ ಹೋಗುವ ಸರಕಿಗೂ ನಡುವೆ ಕೂತವರು ಕಿರಾಣಿ ಅಂಗಡಿಯವರು. ನನ್ನ ಅಜ್ಜ ಅಜ್ಜಿ ಅಂಥವರು.

ಶಿರಸಿಯ ಚರಿತ್ರೆ ಹೇಳುವಾಗ ಸೋದೆಯ ಅರಸರು ಬರುತ್ತಾರೆ, ಮಾರಿಕಾಂಬೆ ಬರುತ್ತಾಳೆ, 1934ರಲ್ಲಿ ಗಾಂಧೀಜಿ ಬಂದದ್ದೂ ಬರುತ್ತದೆ. ಬರಬೇಕಾದದ್ದೇ. ಆದರೆ ಈ ಸೀಮೆಯ ಹಳ್ಳಿಗಳು ವರ್ಷವರ್ಷವೂ ಮಳೆಗಾಲ ದಾಟಿದ್ದು ಹೇಗೆ, ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ ಒಲೆ ಹೊತ್ತಿದ್ದು ಹೇಗೆ ಎಂಬುದು ಆ ಚರಿತ್ರೆಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಅಂಗಡಿಗಳ ವಹಿಯಲ್ಲಿ.

ನಮ್ಮ ಅಂಗಡಿ ಬಿಡಕಿಬೈಲಿಗೆ ಹತ್ತಿರದ ಓಣಿಯೊಂದರಲ್ಲಿತ್ತು. ಮುಂದೆ ಹಲಗೆ ಬಾಗಿಲು, ಒಳಗೆ ಅಂಗಡಿ, ಅದರ ಬೆನ್ನಿಗೆ ಮನೆ. ಬಾಗಿಲ ಬಳಿ ಉಪ್ಪಿನ ಮರಿಗೆ, ಗೋಡೆಗುಂಟ ಅಕ್ಕಿ, ಕಡಲೆ, ತೊಗರಿಬೇಳೆಯ ಚೀಲಗಳು. ಮೂಲೆಯಲ್ಲಿ ಸೀಮೆಎಣ್ಣೆಯ ಪೀಪಾಯಿ. ಅದರಿಂದ ದೂರ, ಅಟ್ಟದ ಕೆಳಗೆ, ಜೋನಿಬೆಲ್ಲದ ಡಬ್ಬಗಳ ಸಾಲು. ಗಟ್ಟಿ ಬೆಲ್ಲಕ್ಕಿಂತ ಈ ನೀರುಬೆಲ್ಲಕ್ಕೇ ಶಿರಸಿ ಸಿದ್ದಾಪುರದ ಮನೆಗಳಲ್ಲಿ ಪ್ರೀತಿ ಹೆಚ್ಚು, ದೋಸೆಗೆ ಅದಿಲ್ಲದೆ ಆಗುವುದಿಲ್ಲ. ಅಜ್ಜ ಗಲ್ಲೆಯ ಹಿಂದೆ ಚಾಪೆಯ ಮೇಲೆ ಕೂರುತ್ತಿದ್ದ. ಅವನ ಮುಂದೆ ಇಳಿಜಾರಿನ ಮರದ ಡೆಸ್ಕು, ಅದರ ಮೇಲೆ ಕೆಂಪು ಬಟ್ಟೆಯ ರಟ್ಟಿನ ವಹಿ. ಹವ್ಯಕರು ಹವಿಗನ್ನಡದಲ್ಲಿ, ಕೊಂಕಣಿಗರು ಕೊಂಕಣಿಯಲ್ಲಿ, ಸಾಬರು ಉರ್ದುವಿನಲ್ಲಿ ಕೇಳಿದರೆ ಅಜ್ಜ ಆಯಾ ಮಾತಿನಲ್ಲೇ ಉತ್ತರ ಕೊಡುತ್ತಿದ್ದ. ವಹಿಯಲ್ಲಿ ಮಾತ್ರ ಎಲ್ಲರದೂ ಕನ್ನಡದಲ್ಲಿ ಇಳಿಯುತ್ತಿತ್ತು.

ಈ ಸೀಮೆಯ ದುಡ್ಡಿಗೆ ಒಂದು ಕಾಲವಿದೆ. ಅಡಿಕೆ ಕೊಯ್ಲು ದೀಪಾವಳಿಯ ಆಚೀಚೆಗೆ ಶುರುವಾಗುತ್ತದೆ. ಹಸಿ ಅಡಿಕೆ ಸುಲಿದು ಬೇಯಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಒಣಗಿಸಿ ಸುಲಿದರೆ ಚಾಲಿ. ಚಾಲಿ ಮಾರಿ ರೈತನ ಕೈಗೆ ಹಣ ಬರುವುದು ಬೇಸಿಗೆಯಲ್ಲಿ. ಆ ಹಣ ಹಳೆಯ ಸಾಲ, ಮದುವೆ ಮುಂಜಿ, ತೋಟದ ಸೊಪ್ಪು ಗೊಬ್ಬರಕ್ಕೆ ಹಂಚಿಹೋಗುತ್ತದೆ. ಜೂನಿನಲ್ಲಿ ಮಳೆ ಹಿಡಿದರೆ ಹಳ್ಳಗಳು ತುಂಬಿ ಹಳ್ಳಿಯ ದಾರಿ ಕಡಿದು ಹೋಗುತ್ತಿತ್ತು. ಆದ್ದರಿಂದ ಮೇ ತಿಂಗಳೆಂದರೆ ಅಂಗಡಿಗೆ ಸುಗ್ಗಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಹರಳುಪ್ಪು, ಸಾಸಿವೆ, ಮೆಣಸಿನಕಾಯಿ, ಮಳೆಗಾಲದ ನಾಲ್ಕು ತಿಂಗಳಿಗೆ ಬೇಳೆ, ಈರುಳ್ಳಿ, ಬೆಂಕಿಪೊಟ್ಟಣ, ಸೀಮೆಎಣ್ಣೆ. ಗಾಡಿ ತುಂಬ ಸಾಮಾನು ಹೋಗುತ್ತಿತ್ತು, ಹಣ ಬರುತ್ತಿರಲಿಲ್ಲ. ‘ಉದ್ರಿ ಬರ್ಕಳಿ’ ಎಂಬ ಒಂದೇ ಮಾತು. ಅಜ್ಜ ಬರೆದುಕೊಳ್ಳುತ್ತಿದ್ದ. ಮುಂದಿನ ಅಡಿಕೆಯವರೆಗೆ ಕಾಯುತ್ತಿದ್ದ. ಆ ಉದ್ರಿಗೆ ಅವನು ಬಡ್ಡಿ ಹಾಕಿದವನಲ್ಲ.

ಇದು ದೊಡ್ಡ ಮಾತು, ಯಾಕೆಂದರೆ ಉದ್ರಿಗೆ ಈ ಸೀಮೆಯಲ್ಲಿ ಬೇರೊಂದು ಚರಿತ್ರೆಯೂ ಇದೆ. ಸಾಲ ಕೊಟ್ಟ ಮಂಡಿಯವರಿಗೇ ಅಡಿಕೆ ಹಾಕಬೇಕು, ಅವರು ಹೇಳಿದ್ದೇ ತೂಕ, ಅವರು ಕಟ್ಟಿದ್ದೇ ದರ ಎಂಬ ಕಾಲವಿತ್ತು. ಆ ಹಿಡಿತದಿಂದ ಬೆಳೆಗಾರರನ್ನು ಬಿಡಿಸಲೆಂದೇ ಕಡವೆ ಶ್ರೀಪಾದ ಹೆಗಡೆಯವರು 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು, ಇಂದು ಎಲ್ಲರೂ ಟಿ.ಎಸ್.ಎಸ್. ಎನ್ನುವ ಸಂಸ್ಥೆಯನ್ನು ಕಟ್ಟಿದರು. ಅಜ್ಜ ವ್ಯಾಪಾರಿಯಾಗಿದ್ದೂ ಆ ಹೆಸರನ್ನು ಗೌರವದಿಂದ ಹೇಳುತ್ತಿದ್ದ. ರೈತನಿಗೆ ಸರಿಯಾದ ದರ ಸಿಕ್ಕರೆ ತನ್ನ ಬಾಕಿಯೂ ಸರಿಯಾಗಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಉದ್ರಿ ರೈತನ ಕೊರಳಿಗೆ ಹಗ್ಗವೂ ಆಗಬಲ್ಲದು, ಆಸರೆಯೂ ಆಗಬಲ್ಲದು. ಯಾವುದಾಗಬೇಕೆಂಬುದು ತಕ್ಕಡಿ ಹಿಡಿದವನ ಮನಸ್ಸಿಗೆ ಬಿಟ್ಟದ್ದು.

ಅಜ್ಜಿಯ ಹೆಸರು ಅಂಗಡಿಯ ಯಾವ ಕಾಗದದಲ್ಲೂ ಇಲ್ಲ. ಆದರೆ ಅಂಗಡಿ ಅರ್ಧ ಅವಳದೇ. ಬೇಳೆ ಕೇರುವುದು, ಹುಣಸೆಯ ಬೀಜ ತೆಗೆದು ಉಂಡೆ ಕಟ್ಟುವುದು, ಹಳೆಯ ಪೇಪರು ಕತ್ತರಿಸಿ ಮೈದಾ ಅಂಟಿನಿಂದ ಪೊಟ್ಟಣ ಮಾಡುವುದು ಎಲ್ಲ ಅವಳ ಪಾಲು. ಮಧ್ಯಾಹ್ನ ಅಜ್ಜ ಊಟಕ್ಕೆದ್ದರೆ ಗಲ್ಲೆಗೆ ಅವಳೇ ಬರುತ್ತಿದ್ದಳು. ಗಂಡಸರಿಲ್ಲದ ಹೊತ್ತು ನೋಡಿ ಬರುವ ಹೆಂಗಸರು ಅವಳ ಹತ್ತಿರ ಮಾತ್ರ ಕಷ್ಟ ಹೇಳಿಕೊಳ್ಳುತ್ತಿದ್ದರು. ಆ ಉದ್ರಿ ವಹಿಗೆ ಏರುತ್ತಿರಲಿಲ್ಲ, ಅಜ್ಜಿಯ ನೆನಪಿನಲ್ಲೇ ಇರುತ್ತಿತ್ತು. ಅದರಲ್ಲಿ ತೀರಿದ್ದೆಷ್ಟು, ಬಿಟ್ಟಿದ್ದೆಷ್ಟು ಎಂದು ಅಜ್ಜ ಕೇಳುತ್ತಿರಲಿಲ್ಲ.

ಸರ್ಕಾರ ಬದಲಾದದ್ದೂ ಊರಿಗೆ ತಿಳಿದದ್ದು ಅಂಗಡಿಯ ಕಟ್ಟೆಯಲ್ಲೇ. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ನಯಾಪೈಸೆ ಆಯಿತು. ಒಂದು ಆಣೆಗೆ 6 ಪೈಸೆ, ಮೂರು ಆಣೆಗೆ 19 ಪೈಸೆ ಎಂದು ಸರ್ಕಾರದ ಕೋಷ್ಟಕ. ಮೂರು ಸಲ ಬಂದು ಒಂದೊಂದಾಣೆಯದು ಕೊಂಡರೆ 18, ಒಂದೇ ಸಲ ಕೊಂಡರೆ 19. ಈ ಒಂದು ಪೈಸೆಗೆ ಪೇಟೆಯಲ್ಲಿ ಜಗಳ ನಡೆಯುತ್ತಿತ್ತಂತೆ. ಪೈಸೆ ಗಿರಾಕಿಗೇ ಇರಲಿ ಎಂದು ಅಜ್ಜಿ ತೀರ್ಮಾನಿಸಿದ್ದಳು, ಅಂಗಡಿಯಲ್ಲಿ ಅದೇ ನಡೆಯಿತು. ಅದರ ಬೆನ್ನಿಗೇ ಕಿಲೋ ಬಂತು. 80 ತೊಲದ ಸೇರು ಹೊಸ ಲೆಕ್ಕದಲ್ಲಿ 933 ಗ್ರಾಂ. ಸೇರಿನ ದರಕ್ಕೆ ಕಿಲೋ ಕೊಟ್ಟರೆ ಅಂಗಡಿಗೆ ನಷ್ಟ, ಕಿಲೋ ದರಕ್ಕೆ ಸೇರು ಕೊಟ್ಟರೆ ಗಿರಾಕಿಗೆ ಮೋಸ. ಹಳೆಯ ಕಲ್ಲು, ಹೊಸ ಕಲ್ಲು ಎರಡನ್ನೂ ಎದುರಿಗಿಟ್ಟು ತೂಗಿ ತೋರಿಸುವುದು ಅಜ್ಜನ ಕ್ರಮವಾಗಿತ್ತು. ಮುದುಕರಿಗೆ ಲೆಕ್ಕ ಅರ್ಥವಾಗದಿದ್ದರೂ ತಕ್ಕಡಿ ಅರ್ಥವಾಗುತ್ತಿತ್ತು.

1965–66ರ ಬರದಲ್ಲಿ ದೇಶಕ್ಕೆಲ್ಲ ಅಮೆರಿಕದ ಗೋಧಿ ಬಂತು. ಅನ್ನ ಉಂಡು ಬೆಳೆದ ಶಿರಸಿಯ ಮನೆಗಳಿಗೆ ಗೋಧಿ ಏನು ಮಾಡಬೇಕೆಂದೇ ತಿಳಿಯದು. ರೇಶನ್ನಿನಲ್ಲಿ ಸಿಕ್ಕ ಗೋಧಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವರನ್ನು ಅಜ್ಜಿ ತನ್ನ ಒಲೆಯ ಮುಂದೆ ಕೂರಿಸಿ ಹಿಟ್ಟು ಕಲಸಿ ತೋರಿಸುತ್ತಿದ್ದಳು. ಕಡುಬು, ದೋಸೆಗಳ ನಡುವೆ ಚಪಾತಿ ಈ ಓಣಿಗೆ ಬಂದ ದಾರಿ ಅದು.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ದೇವಿ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬಂದಾಗ ಘಟ್ಟದ ಮೇಲಿನವರು, ಕೆಳಗಿನವರು, ಬಯಲುಸೀಮೆಯವರು ಒಂದೇ ಕಡೆ ಸೇರುತ್ತಾರೆ. ಅಕ್ಕಿ, ಕಾಯಿ, ಬೆಲ್ಲ, ಕುಂಕುಮದ ಉಡಿ ಸಾಮಾನನ್ನು ಅಜ್ಜಿ ವಾರ ಮೊದಲೇ ಕಟ್ಟಿಡುತ್ತಿದ್ದಳು. ಆ ದಿನಗಳಲ್ಲಿ ಉದ್ರಿಯಿಲ್ಲ, ಎಲ್ಲ ರೊಕ್ಕದ ವ್ಯಾಪಾರ. ಆದರೂ ದೂರದ ಹಳ್ಳಿಯ ಖಾತೆದಾರರು ಬಂದರೆ ಅವರ ಗಂಟುಮೂಟೆ ನಮ್ಮ ಜಗುಲಿಯಲ್ಲೇ ಇರುತ್ತಿತ್ತು, ಊಟ ನಮ್ಮ ಮನೆಯಲ್ಲೇ ಆಗುತ್ತಿತ್ತು. ದೀಪಾವಳಿಯಲ್ಲಿ ಹೊಸ ವಹಿಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ. ಹಳೆಯ ವಹಿಯಲ್ಲಿ ಉಳಿದ ಬಾಕಿ ಹೊಸದಕ್ಕೆ ಏರುತ್ತಿತ್ತು. ತೀರಿಕೊಂಡವರ ಬಾಕಿಗೆ ಮಾತ್ರ ಅಜ್ಜ ಅಡ್ಡಗೆರೆ ಎಳೆದುಬಿಡುತ್ತಿದ್ದ.

ರಸ್ತೆಗಳು ಒಳ್ಳೆಯವಾದವು, ಹಳ್ಳಿಹಳ್ಳಿಗೂ ಬಸ್ಸು ಹೋಯಿತು, ಮಳೆಗಾಲಕ್ಕೆ ಸಾಮಾನು ತುಂಬುವ ಅಗತ್ಯ ತಪ್ಪಿತು. ಟಿ.ಎಸ್.ಎಸ್. ತನ್ನದೇ ಸೂಪರ್ ಮಾರ್ಕೆಟ್ ನಡೆಸುತ್ತಿದೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ರೈತನಿಗೆ ಒಳಿತಾದದ್ದಕ್ಕೆ ನನಗೆ ಸಂತೋಷವೇ ಇದೆ, ಅಜ್ಜನೂ ಅದನ್ನೇ ಬಯಸಿದ್ದ. ಅಜ್ಜ ಅಜ್ಜಿ ಹೋದ ಮೇಲೆ ಅಂಗಡಿ ಮುಚ್ಚಿತು. ಅದರ ಕೆಲಸ ಮುಗಿದಿತ್ತು.

ಮುಗಿಯದ ಕೆಲಸ ನಮ್ಮದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಅಂಗಡಿ ಮನೆಗಳ ಅಟ್ಟದಲ್ಲಿ ಇನ್ನೂ ವಹಿಗಳಿವೆ, ಗೆದ್ದಲು ಹಿಡಿಯುತ್ತಿವೆ, ರದ್ದಿಗೆ ಹೋಗುತ್ತಿವೆ. ಯಾವ ವರ್ಷ ಅಕ್ಕಿ ಏನು ದರ, ಯಾವ ಹಳ್ಳಿಗೆ ಚಹಾಪುಡಿ ಎಂದು ಹೊಕ್ಕಿತು, ಕೊಳೆರೋಗದಲ್ಲಿ ಅಡಿಕೆ ಉದುರಿದ ವರ್ಷ ಯಾರ ಬಾಕಿ ಎಷ್ಟು ಬೆಳೆಯಿತು ಎಂಬುದನ್ನು ಯಾವ ಗೆಜೆಟಿಯರೂ ಹೇಳಲಾರದು, ಅವು ಹೇಳುತ್ತವೆ. ಮನೆಯಲ್ಲಿ ಅಂಥ ವಹಿ ಇದ್ದವರು ದಯವಿಟ್ಟು ರದ್ದಿಗೆ ಹಾಕಬೇಡಿ. ಹಿರಿಯರು ಬದುಕಿರುವಾಗಲೇ ಅವರ ಪಕ್ಕ ಕೂತು ಓದಿಸಿಕೊಳ್ಳಿ, ಒಂದೊಂದು ಹೆಸರಿನ ಹಿಂದಿನ ಮಾತನ್ನು ಬರೆದಿಡಿ. ಅಜ್ಜಿಯ ನೆನಪಿನಲ್ಲಿದ್ದ ಲೆಕ್ಕವನ್ನು ನಾವು ಹಾಗೆ ಬರೆದುಕೊಳ್ಳಲಿಲ್ಲ, ಅದು ಅವಳ ಜೊತೆಗೇ ಹೋಯಿತು. ವಹಿಯಲ್ಲಿರುವುದಾದರೂ ಊರಿಗೆ ಉಳಿಯಬೇಕು.