ಕಾತಿಬರ ಕೈ, ಕಂಪ್ಯೂಟರಿನ ಅಕ್ಷರ

ನಮ್ಮ ಮನೆಯ ಟ್ರಂಕಿನಲ್ಲಿ ಎರಡು ಲಗ್ನಪತ್ರಿಕೆಗಳಿವೆ. ಒಂದು 1987ರಲ್ಲಿ ನಡೆದ ಖಾಲಾ ಅವರ ನಿಕಾಹಿನದು. ಇನ್ನೊಂದು 2004ರದು, ತಂಗಿಯದು. ಎರಡರಲ್ಲೂ ಒಂದು ಮಗ್ಗುಲು ಉರ್ದು, ಇನ್ನೊಂದು ಮಗ್ಗುಲು ಕನ್ನಡ. ನೆಂಟರಿಷ್ಟರಿಗೆ ಅದು, ಊರಿನ ಗೌಡರು, ಮೇಷ್ಟ್ರು, ಕಿರಾಣಿ ಅಂಗಡಿಯವರಿಗೆ ಇದು. ಮೊನ್ನೆ ರೇಷನ್ ಕಾರ್ಡು ಹುಡುಕುವಾಗ ಎರಡೂ ಒಟ್ಟಿಗೆ ಕೈಗೆ ಬಂದವು. ಹಳೆಯ ಪತ್ರಿಕೆಯ ಉರ್ದು ಮಗ್ಗುಲಲ್ಲಿ ‘ಮುಹಮ್ಮದ್’ ಎಂಬ ಹೆಸರು ಮೂರು ಕಡೆ ಬಂದಿದೆ, ಮೂರೂ ಬೇರೆ ಬೇರೆ. ಒಂದು ಕಡೆ ಜಾಗ ಸಾಲದೆ ಅಕ್ಷರಗಳನ್ನು ಒಂದರ ಹೆಗಲ ಮೇಲೊಂದು ಕೂರಿಸಿದ್ದಾರೆ, ಇನ್ನೊಂದು ಕಡೆ ಜಾಗ ಉಳಿದು ಕೈ ಬಿಚ್ಚಿ ಬರೆದಿದ್ದಾರೆ. ಹೊಸ ಪತ್ರಿಕೆಯಲ್ಲಿ ಅದೇ ಹೆಸರು ಐದು ಕಡೆ ಇದೆ. ಐದೂ ಒಂದೇ ಪಡಿಯಚ್ಚು.

ಕಂಪ್ಯೂಟರ್ ಬಂತು, ಕಾತಿಬ್ ಹೋದ ಎಂದು ಉರ್ದು ಮನೆಗಳಲ್ಲಿ ಹೇಳುವುದುಂಟು. ಕಾತಿಬ್ ಎಂದರೆ ಅಚ್ಚಿಗಾಗಿ ಉರ್ದುವನ್ನು ಕೈಯಲ್ಲಿ ಬರೆದುಕೊಡುವ ಲಿಪಿಕಾರ. ಯಂತ್ರ ಕಂಡರೆ ಮಕ್ಕಳಂತೆ ಆಸೆಪಡುವ ಜಾತಿ ನಮ್ಮದಾದ್ದರಿಂದ ಆ ಮಾತು ಕೇಳಿದಾಗ ನಾವು ಸ್ವಲ್ಪ ತಪ್ಪಿತಸ್ಥರಂತೆ ತಲೆ ತಗ್ಗಿಸುತ್ತಿದ್ದೆವು. ಆದರೆ ಆ ಐದು ‘ಮುಹಮ್ಮದ್’ಗಳು ಯಾರ ಕೈಬರಹ ಎಂದು ತಿಳಿದ ಮೇಲೆ ನಮ್ಮ ಅಭಿಪ್ರಾಯ ಬದಲಾಗಿದೆ. ಹೌದು, ಅದೂ ಕೈಬರಹವೇ.

ಉರ್ದುವನ್ನು ಬರೆಯುವ ಶೈಲಿಗೆ ನಸ್ತಾಲೀಕ್ ಎಂದು ಹೆಸರು. ಕುರ್‌ಆನಿನ ಅಚ್ಚಿನಲ್ಲಿ ಕಾಣುವ ನಸ್ಖ್ ಶೈಲಿ ಗೆರೆಯ ಮೇಲೆ ನೆಟ್ಟಗೆ ಕೂರುತ್ತದೆ. ನಸ್ತಾಲೀಕಿನಲ್ಲಿ ಪದವು ಬಲಗಡೆ ಮೇಲಿನಿಂದ ಹೊರಟು ಎಡಕ್ಕೆ ಇಳಿಜಾರಿನಲ್ಲಿ ಇಳಿದು ಬರುತ್ತದೆ. ಮುಂದೆ ಯಾವ ಅಕ್ಷರ ಬರಲಿದೆ ಎಂಬುದನ್ನು ನೋಡಿಕೊಂಡು ಹಿಂದಿನ ಅಕ್ಷರ ತನ್ನ ಆಕಾರ ಬದಲಿಸುತ್ತದೆ. ‘ಬೇ’ ಎಂಬ ಒಂದೇ ಅಕ್ಷರ ‘ಅಲಿಫ್’ ಮುಂದೆ ಒಂದು ರೂಪ, ‘ಜೀಮ್’ ಮುಂದೆ ಇನ್ನೊಂದು, ‘ಮೀಮ್’ ಮುಂದೆ ಮತ್ತೊಂದು. ಅಕ್ಷರದ ಎತ್ತರ ಅಗಲಗಳನ್ನೆಲ್ಲ ಕಲಮಿನ ತುದಿಯಿಂದ ಇಟ್ಟ ಚುಕ್ಕೆಯಿಂದಲೇ ಅಳೆಯಬೇಕು. ಅಲಿಫ್ ಮೂರು ಚುಕ್ಕೆ ಎತ್ತರ. ನಮ್ಮೂರಿನ ಪೇಟೆಬೀದಿಯ ಕಾತಿಬ್ ಸಾಹೇಬರು, ಖಾಲಾ ಅವರ ಪತ್ರಿಕೆ ಬರೆದವರು, “ನುಕ್ತೆ ಇಡುವಾಗ ಉಸಿರು ಬಿಗಿಹಿಡಿಯಬೇಕು ಬೇಟಾ” ಎನ್ನುತ್ತಿದ್ದರು. ನಾವು ಉರ್ದು ಶಾಲೆಯಿಂದ ಬರುವಾಗ ಅವರ ಅಂಗಡಿಯ ಕಟ್ಟೆಯ ಮೇಲೆ ಚೀಲವಿಟ್ಟು ನೋಡುತ್ತಾ ಕೂರುತ್ತಿದ್ದೆವು.

ಇಂಥ ಬರಹವನ್ನು ಸೀಸದ ಮೊಳೆಗಳಲ್ಲಿ ಒಡೆದು ಜೋಡಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1800ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನವರು ನಸ್ತಾಲೀಕ್ ಮೊಳೆಗಳಲ್ಲೇ ಉರ್ದು ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಓದುಗರಿಗೆ ಅದು ಒಗ್ಗಲಿಲ್ಲ. ಇಳಿಜಾರಿನ ಲಿಪಿಯನ್ನು ಚೌಕಟ್ಟಾದ ಮೊಳೆಗಳಲ್ಲಿ ಕೂರಿಸಿದರೆ ಕೀಲುಗಳು ಎದ್ದು ಕಾಣುತ್ತವೆ. ಅಷ್ಟರಲ್ಲಿ ಕಲ್ಲಚ್ಚು ಬಂತು. 1796ರಲ್ಲಿ ಬವೇರಿಯಾದ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನ ಉರ್ದುವಿಗಾಗಿಯೇ ಹುಟ್ಟಿತೇನೋ ಎಂಬಷ್ಟು ಹೊಂದಿಕೊಂಡಿತು. ಗಂಜಿ ಲೇಪಿಸಿದ ಕಾಗದದ ಮೇಲೆ ಜಿಡ್ಡಿನ ಶಾಯಿಯಲ್ಲಿ ಕಾತಿಬರು ಬರೆಯುತ್ತಾರೆ. ಅದನ್ನು ಕಲ್ಲಿನ ಮೇಲೆ ಒತ್ತಿದರೆ ಬರಹ ತಲೆಕೆಳಗಾದ ಕನ್ನಡಿಬಿಂಬದಂತೆ ಕಲ್ಲಿಗೆ ಇಳಿಯುತ್ತದೆ. ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ತಪ್ಪಿದ್ದರೆ ತಿದ್ದಲು ಸಂಗ್‌ಸಾಜ್ ಎಂಬ ಇನ್ನೊಬ್ಬ ಕುಶಲಿ ಇರುತ್ತಿದ್ದ. ಅವನು ಕಲ್ಲಿನ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಬರೆದು ತಿದ್ದಬೇಕು. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುವುದೇ ಕಷ್ಟವೆನ್ನುವ ನಮ್ಮ ಕನ್ನಡ ಮಿತ್ರರು ಈ ಮನುಷ್ಯನನ್ನು ಒಮ್ಮೆ ನೆನೆಯಬೇಕು. 1858ರಲ್ಲಿ ಲಖನೌದಲ್ಲಿ ಆರಂಭವಾದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯ ಈ ಕಲ್ಲುಗಳ ಬಲದಿಂದಲೇ ಕುರ್‌ಆನ್, ಉರ್ದು, ಫಾರಸಿ, ಹಿಂದಿ ಪುಸ್ತಕಗಳನ್ನು ನಾಡಿನುದ್ದಕ್ಕೂ ಹಂಚಿತು.

ನಮ್ಮಲ್ಲಿ ಅನೇಕರು ಮರೆತ ಸಂಗತಿಯೊಂದಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದದ್ದೂ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲೇ. ಅಂದರೆ ಕನ್ನಡ ಪತ್ರಿಕೆಯೂ ಉರ್ದು ಪತ್ರಿಕೆಯೂ ಒಂದು ಕಾಲಕ್ಕೆ ಒಂದೇ ಬಗೆಯ ಕಲ್ಲಿನ ಮೇಲೆ ಹುಟ್ಟಿದಂಥವು. ಆಮೇಲೆ ಕನ್ನಡ ಸೀಸದ ಮೊಳೆಗಳ ದಾರಿ ಹಿಡಿಯಿತು. ಕಾಗುಣಿತ, ಒತ್ತಕ್ಷರಗಳಿಂದಾಗಿ ನೂರಾರು ಮೊಳೆಗಳು ಬೇಕಾದರೂ ಕನ್ನಡದ ಅಕ್ಷರ ದುಂಡಗೆ ಒಂದರ ಪಕ್ಕ ಒಂದು ಕೂರುವ ಸ್ವಭಾವದ್ದು, ಹೇಗೋ ಒಗ್ಗಿಕೊಂಡಿತು. ಉರ್ದು ಮಾತ್ರ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಕಾತಿಬರ ಕೈ ಬಿಡಲಿಲ್ಲ.

ಬಿಡಿಸಲು ಹೊರಟವರು ಸಾಮಾನ್ಯರೇನಲ್ಲ. ಮೌಲಾನಾ ಅಬುಲ್ ಕಲಾಂ ಆಜಾದರು 1912ರಲ್ಲಿ ಕಲ್ಕತ್ತೆಯಿಂದ ‘ಅಲ್ ಹಿಲಾಲ್’ ವಾರಪತ್ರಿಕೆ ಆರಂಭಿಸಿದಾಗ ಅದನ್ನು ಮೊಳೆಯಚ್ಚಿನಲ್ಲಿ, ಛಾಯಾಚಿತ್ರಗಳ ಸಮೇತ ತಂದರು. ಇಪ್ಪತ್ತಮೂರು ವರ್ಷದ ಆ ತರುಣ ಇಂದು ಇದ್ದಿದ್ದರೆ ಹೊಸ ಫೋನು ಬಂದ ದಿನವೇ ಅಂಗಡಿಯ ಮುಂದೆ ನಿಲ್ಲುವವರ ಪೈಕಿ ಆಗಿರುತ್ತಿದ್ದರೇನೋ ಎಂದು ನಮಗೆ ಅನ್ನಿಸುತ್ತದೆ. ಪತ್ರಿಕೆಯನ್ನು ಜನ ಕಾದು ಕೂತು ಓದಿದರು, ಆದರೆ ಅದರ ಅಚ್ಚನ್ನು ಮಾತ್ರ ಬೇರೆಯವರು ಅನುಸರಿಸಲಿಲ್ಲ. ಈ ಹಟಕ್ಕೆ ಉರ್ದು ತೆತ್ತ ಬೆಲೆ ಚಿಕ್ಕದಲ್ಲ. ಲೈನೋಟೈಪ್ ಯಂತ್ರದಿಂದ ಬೇರೆ ಭಾಷೆಗಳ ದಿನಪತ್ರಿಕೆಗಳು ರಾತ್ರಿ ಹನ್ನೆರಡರ ಸುದ್ದಿಯನ್ನೂ ಬೆಳಿಗ್ಗೆ ಕೊಡುತ್ತಿದ್ದಾಗ ಉರ್ದು ಪತ್ರಿಕೆ ಸಂಜೆಗೇ ಕಾತಿಬರ ಸಾಲಿನ ಮುಂದೆ ಕಾಯಬೇಕಿತ್ತು. ಒಂದು ಪದ ಬಿಟ್ಟುಹೋದರೆ ಇಡೀ ಸಾಲನ್ನು ಕತ್ತರಿಸಿ ಅಂಟಿಸಬೇಕು. ಸೌಂದರ್ಯಪ್ರಜ್ಞೆ ಎಂದು ನಾವು ಹೆಮ್ಮೆಪಡುವುದರಲ್ಲಿ ಸೋಮಾರಿತನವೂ ಸ್ವಲ್ಪ ಸೇರಿದೆ. ಹೀಗೆನ್ನುವಾಗ ನಮ್ಮ ಉರ್ದು ಗೆಳೆಯರು ಮುನಿಸಿಕೊಳ್ಳುತ್ತಾರೆಂದು ಗೊತ್ತಿದೆ. ಆದರೆ ಅಂದು ಆಜಾದರ ಮಾತಿಗೆ ಎಲ್ಲರೂ ಒಪ್ಪಿದ್ದರೆ ಮುಂದಿನ ಕಥೆ ನಡೆಯುತ್ತಲೇ ಇರಲಿಲ್ಲ ಎಂಬುದೂ ನಿಜ.

ಮುಂದಿನ ಕಥೆ ಕರಾಚಿಯದು. ಮಿರ್ಜಾ ಅಹ್ಮದ್ ಜಮೀಲ್ ದಿಲ್ಲಿಯಲ್ಲಿ ಹುಟ್ಟಿ, ವಿಭಜನೆಯ ನಂತರ ಕರಾಚಿಯಲ್ಲಿ ಮುದ್ರಣದ ವ್ಯವಹಾರ ನಡೆಸುತ್ತಿದ್ದ ಖುಷ್‌ನವೀಸ್, ಅಂದರೆ ಅಂದವಾಗಿ ಬರೆಯುವ ಕಲಾವಿದ. 1979ರಲ್ಲಿ ಸಿಂಗಾಪುರದ ಪ್ರದರ್ಶನವೊಂದರಲ್ಲಿ ಮೊನೊಟೈಪ್ ಕಂಪೆನಿಯ ಲೇಸರ್ ಯಂತ್ರ ಚೀನೀ ಲಿಪಿಯನ್ನು ಜೋಡಿಸುತ್ತಿರುವುದನ್ನು ಅವರು ಕಂಡರು. ಸಾವಿರಾರು ಚಿತ್ರಾಕ್ಷರಗಳನ್ನು ಆ ಯಂತ್ರ ಇಡಿಯಿಡಿಯಾಗಿ ನೆನಪಿಟ್ಟುಕೊಂಡಿತ್ತು. ಅವರಿಗೆ ಹೊಳೆದದ್ದು ಇಷ್ಟೇ: ನಸ್ತಾಲೀಕನ್ನು ಒಡೆಯಲು ಇಷ್ಟು ದಿನ ಒದ್ದಾಡಿದ್ದೇ ತಪ್ಪು, ಕೂಡಿಕೊಂಡ ಅಕ್ಷರಗಳನ್ನು ಒಡೆಯದೆ, ಚೀನೀ ಚಿತ್ರಾಕ್ಷರದಂತೆ ಗೊಂಚಲು ಗೊಂಚಲಾಗಿಯೇ ಯಂತ್ರಕ್ಕೆ ಕೊಟ್ಟರಾಯಿತು. ಹಾಗೆಂದು ಕೂತು ಹದಿನೆಂಟು–ಇಪ್ಪತ್ತು ಸಾವಿರ ಅಕ್ಷರಗೊಂಚಲುಗಳನ್ನು ಬರೆದರು. ಕಲಮು ಹಿಡಿದು, ಕೈಯಲ್ಲೇ. 1981ರಲ್ಲಿ ‘ಜಂಗ್’ ದಿನಪತ್ರಿಕೆಯ ಲಾಹೋರ್ ಆವೃತ್ತಿ ಈ ಅಕ್ಷರಗಳಲ್ಲಿ ಹೊರಬಂತು. ತಮ್ಮ ತಂದೆ ನೂರ್ ಅಹ್ಮದರ ನೆನಪಿಗೆ ಅದಕ್ಕೆ ‘ನೂರಿ ನಸ್ತಾಲೀಕ್’ ಎಂದು ಹೆಸರಿಟ್ಟರು. 1994ರಲ್ಲಿ ದಿಲ್ಲಿಯ ಒಂದು ಸಂಸ್ಥೆ ಹೊರತಂದ ಇನ್‌ಪೇಜ್ ತಂತ್ರಾಂಶದಲ್ಲಿ ಅದೇ ಅಕ್ಷರಗಳು ಸಾಧಾರಣ ಕಂಪ್ಯೂಟರಿಗೂ ಇಳಿದವು. ಕರಾಚಿಯಲ್ಲಿ ಒಬ್ಬರು ಬರೆದದ್ದು ದಿಲ್ಲಿಯ ತಂತ್ರಾಂಶದ ಮೂಲಕ ನಮ್ಮೂರಿನ ಪೇಟೆಬೀದಿಗೂ ಬಂದು ತಂಗಿಯ ಲಗ್ನಪತ್ರಿಕೆಯ ಮೇಲೆ ಐದು ಸಲ ಕೂತಿತು. ಗಡಿ ದಾಟಲು ಅದಕ್ಕೆ ವೀಸಾ ಬೇಕಾಗಲಿಲ್ಲ.

ಹಾಗಾಗಿ ಕಂಪ್ಯೂಟರ್ ಕಾತಿಬನನ್ನು ಕೊಂದಿತು ಎನ್ನುವುದಕ್ಕಿಂತ ಒಬ್ಬ ಕಾತಿಬ್ ಉಳಿದ ಸಾವಿರಾರು ಕಾತಿಬರ ಜಾಗದಲ್ಲಿ ಕೂತ ಎನ್ನುವುದು ವಾಸ್ತವಕ್ಕೆ ಹತ್ತಿರ. ಮಿರ್ಜಾ ಸಾಹೇಬರು 2014ರಲ್ಲಿ ತೀರಿಕೊಂಡರು. ಅವರ ಕೈ ಇನ್ನೂ ದಿನವೂ ಬರೆಯುತ್ತಿದೆ. ಉಳಿದವರ ಪಾಡೇನಾಯಿತು? ಕೆಲವರು ಕೀಲಿಮಣೆ ಕಲಿತರು, ಕೆಲವರು ಅಂಗಡಿ ಬೋರ್ಡು ಬರೆದರು, ಹೆಚ್ಚಿನವರು ಮನೆಗೆ ಹೋದರು. ಚೆನ್ನೈಯಲ್ಲಿ 1927ರಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಎಂಬ ಸಂಜೆ ಪತ್ರಿಕೆ ಮಾತ್ರ 2000ದ ನಂತರವೂ ಕಾತಿಬರ ಕೈಯಲ್ಲೇ ಬರೆಸುತ್ತಾ ಬಂದು ಪರದೇಶದ ಪತ್ರಕರ್ತರಿಗೂ ಸುದ್ದಿಯಾಯಿತು. ಅಲ್ಲಿ ಬರೆಯುವವರಲ್ಲಿ ಮಹಿಳೆಯರೂ ಇದ್ದರು.

ಇನ್ನು ನಮ್ಮ ಪತ್ರಿಕೆಯ ಕನ್ನಡ ಮಗ್ಗುಲು. ಇಲ್ಲಿ ತೊಂದರೆ ಅಂದದ್ದಲ್ಲ, ಗುರುತಿನದು. ಕಿನ್ನಿಕಂಬಳ ಪದ್ಮನಾಭ ರಾಯರು (ಕೆ.ಪಿ. ರಾವ್) ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆಗೆ ತಕ್ಕಂತೆ ಕನ್ನಡ ಬೆರಳಚ್ಚು ಮಾಡುವ ವಿನ್ಯಾಸ ರೂಪಿಸಿಕೊಟ್ಟರು. ಸರಕಾರ ಒಪ್ಪಿದ ಕೀಲಿಮಣೆಗೂ ಅದೇ ಆಧಾರ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕಾಸಿಲ್ಲದೆ ಕನ್ನಡ ಬರೆಯುವ ಅವಕಾಶವಾಯಿತು. ಇವರ ಋಣ ನಮ್ಮ ಮೇಲಿದೆ. ಆದರೆ ಆ ಕಾಲದ ಬಹುತೇಕ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಅಡಗಿಸಿಟ್ಟಿದ್ದವು, ಒಬ್ಬೊಬ್ಬರದು ಒಂದೊಂದು ಕ್ರಮ. ಪರದೆಯ ಮೇಲೆ ಕಾಣುವುದು ಕನ್ನಡ, ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಸ. ನಾವು 2002ರಿಂದ ಐದಾರು ವರ್ಷ ಬರೆದ ಹದಿನೇಳು ಕಥೆಗಳನ್ನು ಹೀಗೇ ಕಳೆದುಕೊಂಡೆವು. ಕಂಪ್ಯೂಟರ್ ಬದಲಾಯಿಸಿದಾಗ ಹಳೆಯ ಅಕ್ಷರವಿನ್ಯಾಸ ಹೋಯಿತು. ಕಡತ ತೆರೆದರೆ ಕಥಾನಾಯಕಿಯ ಜಾಗದಲ್ಲಿ ಡಾಲರ್ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ. ಪರಿವರ್ತಕಗಳಿಗೆ ಹಾಕಿ ಹನ್ನೊಂದನ್ನು ಮರಳಿ ಪಡೆದೆವು, ಅರ್ಕಾವೊತ್ತುಗಳೆಲ್ಲ ಸ್ಥಾನಪಲ್ಲಟವಾಗಿದ್ದವು. ಆರು ಹೋದದ್ದು ಹೋಯಿತು. ಅದೇ ಹೊತ್ತಿಗೆ ಕಪಾಟಿನಲ್ಲಿದ್ದ, ಕಾತಿಬ್ ಸಾಹೇಬರು ಬರೆದುಕೊಟ್ಟ ಶಾಲಾ ಮ್ಯಾಗಜೀನಿನಲ್ಲಿ ನಮ್ಮ ಮೊದಲ ಉರ್ದು ಕಥೆ ಗೆದ್ದಲಿಗೂ ಸಿಗದೆ ಹಾಗೇ ಇತ್ತು.

ಈ ಗೊಂದಲಕ್ಕೆ ಮದ್ದು ಆಗಲೇ ಇತ್ತು. 1991ರಲ್ಲಿ ಬಂದ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ ಕೊಟ್ಟಿತು. ‘ಕ’ಕ್ಕೆ 3221. ಯಾವ ಅಕ್ಷರವಿನ್ಯಾಸವಾದರೂ, ಯಾವ ದೇಶದ ಯಂತ್ರವಾದರೂ ಅದು ‘ಕ’ವೇ. ಆದರೆ ವಿಂಡೋಸ್ ಎಕ್ಸ್‌ಪಿಯಲ್ಲಿ, ಅಂದರೆ 2001ರಲ್ಲಿ, ‘ತುಂಗಾ’ ಬರುವವರೆಗೂ ನಮ್ಮಂಥವರಿಗೆ ಅದರ ಸೋಂಕು ತಗಲಲಿಲ್ಲ, ಬಂದ ಮೇಲೂ ಹಳೆಯ ಅಭ್ಯಾಸ ಬಿಡಲಿಲ್ಲ. ಉರ್ದುವಿನಲ್ಲಿ ಇನ್ನೊಂದು ತಮಾಷೆ. ಉರ್ದು ‘ಕಾಫ್’ಗೆ 1705, ಅರಬಿ ‘ಕಾಫ್’ಗೆ 1603. ಕಣ್ಣಿಗೆ ಎರಡೂ ಒಂದೇ ಎನ್ನುವಂತಿದ್ದರೂ ಒಂದರಲ್ಲಿ ಬರೆದ ‘ಕಿತಾಬ್’ ಇನ್ನೊಂದರಲ್ಲಿ ಹುಡುಕಿದರೆ ಸಿಗದೆ ಹೋಗುತ್ತದೆ. ಪತ್ರಿಕೆಗಳು ಬಹುಕಾಲ ಪುಟವನ್ನು ಚಿತ್ರವಾಗಿ ಅಂತರಜಾಲಕ್ಕೆ ಹಾಕುತ್ತಿದ್ದವು. ನೋಡಲು ಸೊಗಸು, ಆದರೆ ಹುಡುಕಿದರೆ ಅಲ್ಲಿ ಒಂದಕ್ಷರವೂ ಇಲ್ಲ.

ನಮ್ಮಂಥ ಎರಡು ದೋಣಿಯವರಿಗೆ ಖುಷಿ ಕೊಟ್ಟ ವರ್ಷ 2003. ಆ ವರ್ಷ ಯೂನಿಕೋಡಿನ ಕನ್ನಡಕ್ಕೆ ನುಕ್ತೆ ಸೇರಿತು. ‘ಜ’ದ ಕೆಳಗೆ ಇಡುವ ಎರಡು ಚುಕ್ಕೆ. ಇಷ್ಟಕ್ಕೇ ಏನು ಸಂಭ್ರಮ ಎಂದು ಕೇಳಬಹುದು. ಉರ್ದುವಿನಲ್ಲಿ ‘ಜಲೀಲ್’ ಎಂದರೆ ಮಹಿಮಾವಂತ. ‘ಜ಼ಲೀಲ್’ ಎಂದರೆ ನೀಚ. ನಮ್ಮದೊಂದು ಕಥೆಯಲ್ಲಿ ಮಾವನವರು ಅಳಿಯನನ್ನು ಹೀಗೆ ಬೈಯುವ ಸನ್ನಿವೇಶವಿತ್ತು. ಪ್ರಕಟವಾದಾಗ ಚುಕ್ಕೆಗಳು ಉದುರಿ, ಮಾವನವರು ಅಳಿಯನ ಮಹಿಮೆಯನ್ನು ಕೊಂಡಾಡಿದಂತಾಗಿತ್ತು.

ಲಿಪಿ ಗೊತ್ತಿಲ್ಲದವರ ಕೈಗೆ ಸಿಕ್ಕಿದ ಯಂತ್ರದ ಕಥೆ ಬೇರೆ. ಹಿಂದೆ ಹಿಂದಿ ಸಿನಿಮಾ ಪೋಸ್ಟರುಗಳ ಮೂಲೆಯಲ್ಲಿ ಉರ್ದು ಹೆಸರನ್ನು ಬಣ್ಣದವರು ಸೊಗಸಾಗಿ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಎಷ್ಟೋ ಬ್ಯಾನರುಗಳಲ್ಲಿ ಉರ್ದು ಅಕ್ಷರಗಳು ಕೈಬಿಟ್ಟು, ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ನಿಂತಿರುತ್ತವೆ. ‘ಸಲಾಮ್’ ಎಂದು ಬರೆಯ ಹೊರಟು ‘ಮಾಲಸ್’ ಆಗಿರುತ್ತದೆ. ಫೋನುಗಳಲ್ಲಿಯೂ ಬಹುದಿನ ನಸ್ಖ್ ಮಾತ್ರವಿತ್ತು. ಓದುಗರು ಒತ್ತಾಯಿಸಿದ ಮೇಲೆ 2017ರಲ್ಲಿ ಐಫೋನಿಗೂ ನಸ್ತಾಲೀಕ್ ಬಂತು. ಅಷ್ಟರಲ್ಲಿ ನಮ್ಮ ಮಕ್ಕಳು ಉರ್ದು, ಕನ್ನಡ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದನ್ನು ಕಲಿತಾಗಿತ್ತು. ಅವರನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ. ನಾವು ಕೊಡಬೇಕಾದಾಗ ಕೊಡಲಿಲ್ಲ, ಅವರು ಕಾಯಲಿಲ್ಲ.

ಕಾತಿಬ್ ಸಾಹೇಬರು ಕೊನೆಯ ದಿನಗಳಲ್ಲಿ ಪೇಟೆಬೀದಿಯ ಡಿಟಿಪಿ ಅಂಗಡಿಯೊಂದರಲ್ಲಿ ಕರಡು ತಿದ್ದಲು ಕೂರುತ್ತಿದ್ದರು. ತಂಗಿಯ ಪತ್ರಿಕೆಯ ಕರಡನ್ನು ಅವರಿಗೇ ತೋರಿಸಿದ್ದೆವು. ಕನ್ನಡಕ ಹಣೆಗೇರಿಸಿ, ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. “ಬರೆದವನ ಕೈ ಚೆನ್ನಾಗಿದೆ” ಎಂದರು. ಯಾರು ಎಂದು ಅವರು ಕೇಳಲಿಲ್ಲ, ಹೇಳಲು ನಮಗೂ ಆಗ ಗೊತ್ತಿರಲಿಲ್ಲ. ಖಾಲಾ ಅವರ ಪತ್ರಿಕೆಯ ಎಡಮೂಲೆಯಲ್ಲಿ, ಬಳ್ಳಿಯ ಎಲೆಯೊಂದರ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣದಾಗಿ ಅವರ ಹೆಸರಿದೆ. ತಂಗಿಯ ಪತ್ರಿಕೆಯಲ್ಲಿ ಅದೇ ಜಾಗದಲ್ಲಿ ಅಂಗಡಿಯ ಫೋನ್ ನಂಬರ್ ಇದೆ.